ಇಪ್ಪತ್ತೊಂದನೆಯ ತಟ್ಟೆಯ ಕೌದಿ

ನಮ್ಮ ಅತ್ತಿಗೆಯ ಕಣ್ಣಿಗೆ ಬಿದ್ದ ಬಟ್ಟೆ ಬಹಳ ದಿನ ಬಟ್ಟೆಯಾಗಿ ಉಳಿಯುವುದಿಲ್ಲ. ಅದು ನಿಮ್ಮ ಮೈಮೇಲೆ ಇದ್ದರೂ ಅಷ್ಟೆ. ನೀವು ಅವರ ಮನೆಗೆ ಹೋಗಿ ಕೂತಿರಿ ಅನ್ನಿ. ಅವರು ಪಕ್ಕಕ್ಕೆ ಬಂದು, ನಿಮ್ಮ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, "ಇನ್ನೂ ಎಷ್ಟು ದಿನ ಉಡ್ತೀಯಾ ಇದನ್ನ?" ಎನ್ನುತ್ತಾರೆ. ಅದು ಪ್ರಶ್ನೆಯಲ್ಲ, ಗಡುವು.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ನಾವು ಹರಿಹರದ ಕಡೆಯವರು. ಅತ್ತಿಗೆಯ ಗಂಡನಿಗೆ ಮದ್ರಾಸಿನ ಬಂದರಿನ ಕಚೇರಿಯಲ್ಲಿ ಕೆಲಸವಿದ್ದಷ್ಟು ಕಾಲ ಅವರು ರಾಯಪುರಂನಲ್ಲಿದ್ದರು. ನಿವೃತ್ತಿಯಾದ ಮೇಲೆ ಪಲ್ಲಾವರಂಗೆ ಬಂದು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡನೇ ಮಹಡಿ ಹಿಡಿದರು. ನಾವು ಕೆಳಗೆ. ಬಟ್ಟೆ ಒಣಹಾಕುವ ತಾರಸಿ ಮಾತ್ರ ಎರಡೂ ಮನೆಗೆ ಒಂದೇ. ನನ್ನ ಕಷ್ಟಗಳೆಲ್ಲ ಶುರುವಾದದ್ದು ಆ ತಾರಸಿಯಲ್ಲೇ.

ಅವರು ಮಾಡುವುದು ಕೌದಿ. ಹಳೇ ಸೀರೆ, ಪಂಚೆ, ಶರಟುಗಳನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ನಮ್ಮ ನೆಂಟರಲ್ಲಿ, ಸ್ನೇಹಿತರಲ್ಲಿ ಅವರ ಕೌದಿ ಇಲ್ಲದ ಮನೆ ಇಲ್ಲ. ಪ್ರತಿಯಾಗಿ ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ, ಬಟ್ಟೆಯೊಂದನ್ನು ಬಿಟ್ಟು. ಆ ಬಟ್ಟೆಯನ್ನೂ ಕೊಟ್ಟವರಿಗೆ ತಾವು ಕೊಟ್ಟದ್ದು ಗೊತ್ತಿರುವುದಿಲ್ಲ. ಒಂದು ಬೆಳಿಗ್ಗೆ ಅವರ ಯಜಮಾನರು ಬೀರುವಿನ ಮುಂದೆ ಬನಿಯನ್ನಿನಲ್ಲಿ ನಿಂತು, "ನನ್ನ ಬೂದು ಗೆರೆ ಶರಟು ಎಲ್ಲೇ?" ಎಂದು ಕೇಳಿದರಂತೆ. "ರಾತ್ರಿಯೆಲ್ಲ ಹೊದ್ದುಕೊಂಡಿದ್ದು ಏನು ಮತ್ತೆ?" ಎಂದರಂತೆ ಇವರು. ತಾರಸಿಯಲ್ಲಿ ಒಣಹಾಕಿದ್ದ ನನ್ನ ಯಜಮಾನರ ಎರಡು ಲುಂಗಿಗಳೂ ಅದೇ ಹಾದಿ ಹಿಡಿದವು. ಅವರಿಗೆ ಪ್ಯಾಂಟಿನ ಅಭ್ಯಾಸ ಮೊದಲಿನಿಂದ ಇತ್ತು. ದೇವರು ಒಂದಲ್ಲ ಒಂದು ದಾರಿ ಇಟ್ಟಿರುತ್ತಾನೆ.

"ಅಲ್ಲಾ ಅತ್ತಿಗೆ, ಈ ಸುಡೋ ಊರಲ್ಲಿ ಕೌದಿ ಯಾಕೆ?" ಎಂದು ಒಮ್ಮೆ ಕೇಳಿಬಿಟ್ಟೆ.

"ಏಸಿನ ಹದಿನೆಂಟರಲ್ಲಿ ಇಟ್ಟು ಮೂಗಿನ ತನಕ ಹೊದ್ದು ಮಲಗೋರು ಯಾರೇ? ನಾನಾ?"

ಅವರು ಅಷ್ಟಕ್ಕೇ ಬಿಡಲಿಲ್ಲ.

"ಬೆವರು ಕುಡೀದೇ ಇರೋ ಬಟ್ಟೆಗೆ ಮನುಷ್ಯರ ಗುರುತೇ ಇರಲ್ಲ. ಅದನ್ನ ಹೊದ್ರೆ ಅಂಗಡೀನ ಹೊದ್ದ ಹಾಗೆ. ನೋಡು, ಈ ಮೆಡ್ರಾಸಲ್ಲಿ ಒಂದು ಸೀರೆ ಒಂದು ಬೇಸಿಗೇಲಿ ಕುಡಿಯೋ ಬೆವರನ್ನ ನಮ್ಮೂರಲ್ಲಿ ಹತ್ತು ವರ್ಷ ಉಟ್ರೂ ಕುಡಿಯಲ್ಲ. ಕೌದಿ ಹೊಲಿಯೋಕೆ ಇದಕ್ಕಿಂತ ಒಳ್ಳೇ ಊರು ಯಾವುದಿದೆ ಹೇಳು."

ಈ ಊರಿನ ಸೆಕೆಯನ್ನು ಹೊಗಳಿದ ಇನ್ನೊಬ್ಬರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ.

ಕೌದಿಗೆ ಹೊಟ್ಟೆ ಇರುತ್ತದೆ ಎಂಬುದು ನಿಮಗೆ ಗೊತ್ತೆ? ನಡುವೆ ಅಂಗೈಯಗಲ ಜಾಗ ಹೊಲಿಯದೆ ಬಿಟ್ಟಿರುತ್ತಾರಲ್ಲ, ಅದೇ ಹೊಟ್ಟೆ. ಅದರೊಳಗೆ ಒಂದು ತುತ್ತು ತಿನ್ನುವ ಪದಾರ್ಥ ಇಟ್ಟು ಮುಚ್ಚಬೇಕು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ಅವರ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಹಾಗೆ ಎದುರು ಮನೆಯ ತಮಿಳು ಮಾಮಿಯ ಮೊಮ್ಮಗುವಿನ ಕೌದಿಗೆ ಹೋಳಿಗೆ ಚೂರು ಇಟ್ಟು ಹೊಲಿದರು. ಮೂರನೆಯ ದಿನ ಮಾಮಿ "ಎರುಂಬು, ಎರುಂಬು" ಎಂದು ಕೂಗುತ್ತ ಬಂದರು. ತೊಟ್ಟಿಲಿನಿಂದ ಬಾಗಿಲವರೆಗೆ ಇರುವೆ ಸಾಲು. ಅತ್ತಿಗೆ ಹೋಗಿ ಬಗ್ಗಿ ನೋಡಿ, "ಊಟಕ್ಕೆ ಬಂದವರನ್ನ ಓಡಿಸ್ಬಾರ್ದು ಮಾಮಿ" ಎಂದರು. ಕೊನೆಗೆ ನಾನೇ ಕೈಮುಗಿದು, ಇನ್ನುಮೇಲೆ ದೇವರ ಮುಂದಿನ ಅಕ್ಷತೆ ಇಡಿ, ಕೌದಿಗೂ ಊಟವಾಯಿತು, ಹೊದ್ದವರಿಗೂ ಆಶೀರ್ವಾದವಾಯಿತು ಎಂದು ಒಪ್ಪಿಸಿದೆ. ನನ್ನ ಮಾತು ಅವರು ಕೇಳಿದ್ದು ಅದೊಂದೇ ಸಲ.

ಆಮೇಲೆ ಈಚೆಗೆ ಸೂಜಿಯ ಹುಚ್ಚು ಶುರುವಾಯಿತು. ಅವರ ಮನೆಗೆ ಯಾರು ಹೋದರೂ ಕಾಫಿಗೆ ಮೊದಲು ಒಂದು ಹಿಡಿ ಸೂಜಿ ಮುಂದೆ ಬರುತ್ತಿತ್ತು. ಎಲ್ಲಕ್ಕೂ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಇಡಬೇಕು. ಯಾಕೆ ಎಂದರೆ, "ಕೌದಿಗೆ ನಾಲ್ಕು ಜನರ ಕೈ ತಾಗ್ಬೇಕು ಕಣೇ" ಎನ್ನುತ್ತಿದ್ದರು. ನನ್ನ ಮಗಳು ಆಫೀಸಿಗೆ ಹೊರಟವಳು ಮೇಲೆ ಹೋಗಿ ಹತ್ತು ಸೂಜಿ ಮುಗಿಸಿ, "ಪೋದುಂ ಅತ್ತೈ" ಎಂದು ಓಡುತ್ತಿದ್ದಳು. ಸಾಕು ಅತ್ತೆ ಎಂದು ಅರ್ಥ. ಇಲ್ಲೇ ಹುಟ್ಟಿ ಇಲ್ಲೇ ಓದಿದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇಪ್ಪತ್ತಾರು ವರ್ಷದಿಂದ ನಮ್ಮ ಮನೆಯ ಸಂಭಾಷಣೆ ನಡೆದಿರುವುದೇ ಹೀಗೆ.

ಒಂದು ದಿನ ಗ್ಯಾಸ್ ಸಿಲಿಂಡರ್ ತಂದ ನಡುವಯಸ್ಸಿನ ಮನುಷ್ಯನ ಮುಂದೆ ಅತ್ತಿಗೆ ಸೂಜಿ ಹಿಡಿದು ನಿಂತು, "ಊಸಿ ಪೋಡುಪ್ಪಾ" ಎಂದರು. ತಮಿಳಿನಲ್ಲಿ ಊಸಿ ಎಂದರೆ ಸೂಜಿ, ಸರಿ. ಆದರೆ ಊಸಿ ಪೋಡು ಎಂದರೆ ಇಂಜೆಕ್ಷನ್ ಕೊಡು ಎಂದೇ ಅರ್ಥ. ಮೂವತ್ತೈದು ವರ್ಷ ಈ ಊರಲ್ಲಿದ್ದರೂ ಅವರ ತಮಿಳು ಹರಿಹರ ದಾಟಿಲ್ಲ. ಆ ಮನುಷ್ಯ ಸಿಲಿಂಡರ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ ಅಮ್ಮಾ, ಅದೆಲ್ಲಾಂ ಎನಕ್ಕು ತೆರಿಯಾದು, ಡಾಕ್ಟರ್ ಕಿಟ್ಟ ಪೋಂಗೊ" ಎಂದ. ನನಗೆ ಅದೆಲ್ಲ ಬರುವುದಿಲ್ಲ, ಡಾಕ್ಟರ ಹತ್ತಿರ ಹೋಗಿ ಎಂದು. ಅತ್ತಿಗೆಗೆ ಸಿಟ್ಟು ಬಂತು. "ಇಷ್ಟು ದೊಡ್ಡ ಸಿಲಿಂಡರ್ ಎತ್ತೋನಿಗೆ ಒಂದು ದಾರ ಹಾಕೋಕೆ ಬರಲ್ವಾ?" ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ. ಯಾಕೆ ಎಂದು ಹೇಳುತ್ತೇನೆ.

ಮಗಳ ಮದುವೆ ಗೊತ್ತಾಯಿತು. ಹುಡುಗನ ಕಡೆಯವರು ತಮಿಳರು, ಟಿ. ನಗರದಲ್ಲಿ ಮೂರು ತಲೆಮಾರಿನ ಜವಳಿ ವ್ಯಾಪಾರ. ಇಲ್ಲಿಯ ಪದ್ಧತಿಯಂತೆ ಹೆಣ್ಣಿನ ಕಡೆಯವರು ಉಡುಗೊರೆಗಳನ್ನು ತಟ್ಟೆಗಳಲ್ಲಿ ಜೋಡಿಸಿ ಗಂಡಿನವರ ಮುಂದೆ ಇಡಬೇಕು. ಸೀರ್ ತಟ್ಟೆ ಎನ್ನುತ್ತಾರೆ. ಸಂಖ್ಯೆ ಬೆಸವಾಗಿರಬೇಕು. ನಾನು ಇಪ್ಪತ್ತೊಂದು ಎಂದು ಸಂಕಲ್ಪ ಮಾಡಿ, ಇಪ್ಪತ್ತೊಂದನೆಯದಕ್ಕೆ ಜಿಪ್ಪಿನ ಚೀಲದಲ್ಲಿದ್ದ ಗುಲಾಬಿ ಬಣ್ಣದ ಸ್ಯಾಟಿನ್ ರಜಾಯಿ ತಂದಿಟ್ಟೆ.

ಅತ್ತಿಗೆ ಅದನ್ನು ಎರಡು ಬೆರಳಲ್ಲಿ ಉಜ್ಜಿ ಮುಖ ಸಿಂಡರಿಸಿದರು. "ಇದನ್ನ ವಾಪಸ್ ಕೊಡು. ಆ ತಟ್ಟೆಗೆ ನನ್ನ ಕೌದಿ."

ಹೊಸ ಬಟ್ಟೆ ಮಾರಿ ಬದುಕುವವರ ಮನೆಗೆ ಹಳೇ ಬಟ್ಟೆಯ ತಟ್ಟೆ ಹೊತ್ತುಕೊಂಡು ಹೋಗುವುದೆ? ನಾಳೆ ನನ್ನ ಮಗಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡಬೇಕಲ್ಲ. ಮಡಿ ಮೈಲಿಗೆ ನೋಡುವವಳು ನಾನು. "ಉಟ್ಟು ಬಿಟ್ಟಿದ್ದು ಶುಭಕಾರ್ಯಕ್ಕೆ ಆಗಲ್ಲ ಅತ್ತಿಗೆ" ಎಂದೆ.

"ಹೌದಾ? ಹುಟ್ಟಿದ ಮಗೂನ ಮೊದಲು ಯಾವುದರಲ್ಲಿ ಸುತ್ತುತಾರೇ? ಇವಳನ್ನ ಯಾವುದರಲ್ಲಿ ಸುತ್ತಿದ್ರಿ, ಹೊಸ ರೇಷ್ಮೇಲಾ? ನಮ್ಮಮ್ಮನ ಹಳೇ ಸೀರೇಲಿ ತಾನೆ? ಆ ದಿನ ಶುಭ ಅಲ್ವಾ?"

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ನಾಲ್ಕು ದಿನ ಯೋಚಿಸಿ, ದೇವರಿಗೆ ದೀಪ ಹಚ್ಚಿ, ಮನಸ್ಸು ಗಟ್ಟಿ ಮಾಡಿಕೊಂಡು, ಖಂಡಿತ ಬೇಡ ಎಂದು ಹೇಳಿಯೇ ಬರುತ್ತೇನೆ ಎಂದು ಒಂದು ಮಧ್ಯಾಹ್ನ ಮೇಲೆ ಹೋದೆ.

ಬಾಗಿಲು ತೆರೆದಿತ್ತು. ಹಾಲ್ ತುಂಬ ಕೌದಿ ಹಾಸಿಕೊಂಡು ಅವರು ನಡುವೆ ಕೂತಿದ್ದರು. ನಮ್ಮತ್ತೆಯ ಕಂದು ಸೀರೆ, ಬೂದು ಗೆರೆ ಶರಟಿನ ಉಳಿದ ತೋಳು, ನನ್ನ ಯಜಮಾನರ ಲುಂಗಿ, ಮಗಳ ಶಾಲೆಯ ನೀಲಿ ಚೌಕಳಿ ಸಮವಸ್ತ್ರ, ಅವಳು ಹೊಟ್ಟೆಯಲ್ಲಿದ್ದಾಗ ನಾನು ಉಡುತ್ತಿದ್ದ ಹಸಿರು ವಾಯಿಲ್ ಸೀರೆ. ಎಡಗೈ ಬೆರಳಿನಿಂದ ಹಿಂದಿನ ಸಾಲಿನ ಹೊಲಿಗೆಯನ್ನು ತಡವುತ್ತಾರೆ, ಅದರ ಪಕ್ಕಕ್ಕೆ ಸೂಜಿ ಚುಚ್ಚುತ್ತಾರೆ. ಸೂಜಿ ಬೆರಳಿಗೆ ಹೋಯಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ತಲೆ ಎತ್ತಿ ನೇರ ನನ್ನ ಕಡೆಗೇ ನೋಡಿ, "ಯಾರದು?" ಎಂದರು.

ನಾನು ಮೂರಡಿ ದೂರದಲ್ಲಿ, ಬೆಳಕಿನಲ್ಲಿ ನಿಂತಿದ್ದೆ.

"ನಾನು ಅತ್ತಿಗೆ."

"ನೀನಾ. ಬಾ. ಈ ತುಂಡು ನೀಲೀನಾ, ಹಸಿರಾ? ಹೇಳು."

ಒಳಗಿನಿಂದ ಬಂದ ಅವರ ಯಜಮಾನರು ವಿಷಯ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೇಗ ಆಪರೇಶನ್ ಮಾಡಿಸಿ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿದೆ. ಇವರು ಒಪ್ಪಿಲ್ಲ.

"ಆಮೇಲೆ ತಿಂಗಳುಗಟ್ಟಲೆ ತಲೆ ಬಗ್ಗಿಸೋ ಹಾಗಿಲ್ಲವಂತೆ," ಎಂದರು ಅತ್ತಿಗೆ. "ಮದುವೆಗೆ ಇರೋದೇ ಇಪ್ಪತ್ತು ದಿನ. ಕಣ್ಣು ಕಾಯುತ್ತೆ, ಮುಹೂರ್ತ ಕಾಯುತ್ತಾ? ಯಾರಿಗೂ ಹೇಳ್ಬೇಡ. ಹೇಳಿದ್ಯೋ, ನಿನ್ನ ಬೀರು ಖಾಲಿ ಮಾಡ್ತೀನಿ."

ನಾಲ್ಕು ಜನರ ಕೈ ತಾಗಬೇಕು ಎಂದದ್ದು, ಸಿಲಿಂಡರ್‌ನವನ ಮುಂದೆ ಸೂಜಿ ಹಿಡಿದು ನಿಂತದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಬೇಡ ಎನ್ನಲು ಹೋದವಳು ಸಂಜೆಯವರೆಗೆ ಕೂತು, ದಿಂಬಿನ ಸೂಜಿಗೆಲ್ಲ ದಾರ ಪೋಣಿಸಿ ಕೆಳಗಿಳಿದೆ. ಮರುದಿನವೂ ಹೋದೆ. ಅದರ ಮರುದಿನವೂ. ಕೊನೆಯ ದಿನ ಕೌದಿಯ ಹೊಟ್ಟೆಗೆ ನಮ್ಮ ದೇವರ ಅಕ್ಷತೆ ಹಾಕಿ ಮುಚ್ಚಿದ್ದು ನಾನೇ. ಜೀವಮಾನದಲ್ಲಿ ಗುಂಡಿ ಬಿಟ್ಟು ಇನ್ನೇನನ್ನೂ ಹೊಲಿಯದವಳು ಅಂಗೈಯಗಲ ಹೊಲಿದು ಮುಗಿಸಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ? ಆ ಹೊಟ್ಟೆಯ ಮೇಲೆ ಅತ್ತಿಗೆ ಹಚ್ಚಿದ್ದ ಕೆಂಪು ರೇಷ್ಮೆ ತುಂಡು ಯಾವ ಸೀರೆಯದೆಂದು ಮಾತ್ರ ನಾನು ಕೇಳಲಿಲ್ಲ. ಗೊತ್ತಾಗಿತ್ತು. ನನ್ನದೇ, ಕಾಣೆಯಾಗಿ ಒಂದು ವರ್ಷವಾಗಿತ್ತು.

ಗುಲಾಬಿ ರಜಾಯಿಯನ್ನು ವಾಪಸ್ ಕೊಟ್ಟೆ.

ತಟ್ಟೆ ಇಡುವ ದಿನ ನಮ್ಮ ಬೀಗಿತ್ತಿ ಒಂದೊಂದೇ ನೋಡುತ್ತ ಬಂದು ಇಪ್ಪತ್ತೊಂದನೆಯದರ ಮುಂದೆ ನಿಂತರು. "ಇದು ಪಳಸಾ?" ಹಳೆಯದಾ ಎಂದು. ಹಿಂದೆ ಅವರ ಕಡೆಯ ಹೆಂಗಸರು ಹತ್ತು ಜನ. ಪಕ್ಕದಲ್ಲಿ ಅತ್ತಿಗೆ, ಬೀಗಿತ್ತಿ ಎಂದುಕೊಂಡು ಬಾಳೆಕಂಬಕ್ಕೆ ನಮಸ್ಕಾರ ಮಾಡಿ ನಗುತ್ತಿದ್ದರು.

"ಆಮಾ, ಪಳಸುದಾನ್," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಹೌದು, ಹಳೆಯದೇ. ಪೂರ್ತಿ ಹಳೆಯದು. ನನ್ನ ಮಗಳನ್ನು ಬೆಳೆಸಿದವರೆಲ್ಲ ಉಟ್ಟದ್ದು. ಹೊಸದು ನಿಮ್ಮ ಅಂಗಡಿಯಲ್ಲಿ ಬೇಕಾದಷ್ಟಿದೆಯಲ್ಲ, ಇದು ಅಲ್ಲಿ ಸಿಗುವುದಿಲ್ಲ, ಎಂದು ನನಗೆ ಬರುವ ತಮಿಳಿನಲ್ಲೇ ಹೇಳಿ ಮುಗಿಸಿದೆ.

ಬೀಗಿತ್ತಿ ಬಗ್ಗಿ, ನಮ್ಮತ್ತೆಯ ಕಂದು ಸೀರೆಯ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಥೇಟ್ ನಮ್ಮ ಅತ್ತಿಗೆಯ ಹಾಗೆಯೇ. "ಇಂದ ಮಾದಿರಿ ಕಾಟನ್ ಇಪ್ಪೊ ವರದಿಲ್ಲೆ" ಎಂದರು. ಇಂಥ ನೂಲು ಈಗ ಬರುವುದಿಲ್ಲ ಎಂದು. ಅಷ್ಟೇ. ಮುಂದಿನ ಮಾತು ಊಟದ ಬಗ್ಗೆ. ದೇವರ ಲೆಕ್ಕದಲ್ಲಿ ಅದೇ ದೊಡ್ಡ ದಯೆ.

ಮದುವೆಯಾಗಿ ವಾರಕ್ಕೆ ಮೊದಲ ಕಣ್ಣಿನ ಆಪರೇಶನ್ ಆಯಿತು. ತಲೆ ಬಗ್ಗಿಸಬಾರದು, ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರು ಚೀಟಿ ಕೊಟ್ಟರು. ಕಪ್ಪು ಕನ್ನಡಕದ ಅತ್ತಿಗೆ ಮನೆಗೆ ಬಂದವರೇ ಮಗಳಿಗೆ ಫೋನ್ ಮಾಡಿಸಿ, "ಆ ಕೌದಿ ತಗೊಂಡು ಬಾ. ಹೊಲಿದವಳು ನಾನು, ಇನ್ನೂ ನೋಡೇ ಇಲ್ಲ" ಎಂದರು. ಅವಳು ಟಿ. ನಗರದಿಂದ ಆಟೋದಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು.

ಹಾಸಿದೆವು. ಅತ್ತಿಗೆ ಕನ್ನಡಕ ತೆಗೆದು ನೋಡಿದರು. ಸಾಲುಗಳು ಒಂದರ ಮೇಲೊಂದು ಹತ್ತಿವೆ, ಕೆಲವು ದಾರಿ ತಪ್ಪಿ ಬೇರೆ ತುಂಡಿಗೆ ಹೋಗಿವೆ, ನೀಲಿಯ ಪಕ್ಕ ಇರಬೇಕಾದ್ದು ಹಸಿರಿನ ಪಕ್ಕ ಇದೆ. ಅಲ್ಲಲ್ಲಿ ಬೆರಳಿನಿಂದ ಬಿದ್ದ ರಕ್ತದ ಚುಕ್ಕೆ. ಅವರ ಮುಖ ಬಾಡಿತು.

"ಥೂ, ಇಷ್ಟು ಸೊಟ್ಟ ಹೊಲಿದು ಮದುವೆಗೆ ಕೊಟ್ಟೆನಾ ನಾನು?" ಎಂದು ಕತ್ತರಿಗೆ ಕೈ ಹಾಕಿದರು. "ಕೊಡಿಲ್ಲಿ. ಪೂರ್ತಿ ಬಿಚ್ಚಿ ನೇರ ಹೊಲಿದು ಕೊಡ್ತೀನಿ."

ಮಗಳು ಕೌದಿಯನ್ನು ನೆಲದಿಂದ ಬಾಚಿ ಎದೆಗೆ ಅವುಚಿಕೊಂಡಳು.

"ಕೊಡಲ್ಲ ಅತ್ತೆ," ಎಂದಳು. ಕನ್ನಡದಲ್ಲಿ.

ಅತ್ತಿಗೆ ಕತ್ತರಿ ಕೆಳಗಿಟ್ಟರು. ಕಪ್ಪು ಕನ್ನಡಕವನ್ನು ಅವಸರದಲ್ಲಿ ಹಾಕಿಕೊಂಡು, ಗೋಡೆಯ ಕಡೆ ತಿರುಗಿ ನನಗೆ ಹೇಳಿದರು: "ಇವಳ್ನ ಕೆಳಗೆ ಕರ್ಕೊಂಡು ಹೋಗೇ. ಕಣ್ಣಿಗೆ ನೀರು ತಾಗಬಾರ್ದು ಅಂದಿದಾರೆ ಡಾಕ್ಟರು."