ಒತ್ತು, ಬಿಡು

ಪ್ರಶ್ನೆ ಕೇಳಿದವಳು ಒಬ್ಬ ನರ್ಸು. ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ ಅವಳಿಗೆ ಅದು ಮೂರನೇ ಪಾಠ. ಪಕ್ಕದ ಸೀಟಿನಲ್ಲಿ ಮೇಷ್ಟ್ರು, ಅವರ ಕಾಲಡಿಯಲ್ಲಿ ಕಲಿಸುವವರಿಗೆಂದೇ ಕೂರಿಸಿದ ಇನ್ನೊಂದು ಬ್ರೇಕು. ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದದ್ದನ್ನೇ ಅವರು ಅವತ್ತೂ ಹೇಳಿದ್ದರು. "ಗಾಡಿ ಜಾರ್ತಾ ಇದ್ರೆ ಬ್ರೇಕ್ ಮೇಲೆ ನಿಂತ್ಕೋಬೇಡಿ. ಒತ್ತಿ, ಬಿಡಿ. ಒತ್ತಿ, ಬಿಡಿ."

"ಹೊಸ ಕಾರಲ್ಲಿ ಎಬಿಎಸ್ ಇದೆಯಂತಲ್ಲ ಸರ್. ನಾವು ಒತ್ತಿದ್ರೆ ಸಾಕು, ಚಕ್ರ ಜಾಮ್ ಆಗದ ಹಾಗೆ ಅದೇ ಒತ್ತಿ ಬಿಟ್ಟು ಮಾಡುತ್ತಂತೆ. ಮತ್ತೆ ಇದನ್ನ ಯಾಕೆ ಕಲೀಬೇಕು?"

ಹೊಸ ಕಾರು ಬಂದು ವಾರವಾಗಿತ್ತು. ಅದರ ಹಿಂದೆಯೇ, ಅದರಲ್ಲಿ ಕಲಿಸುವುದಕ್ಕೆಂದು ಮಾಲೀಕರ ಅಳಿಯನೂ ಬಂದಿದ್ದ. ಮೇಷ್ಟ್ರು ಸುಮ್ಮನೆ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ನನ್ನ ಕಾಲಿನ ಮುಂದೆ ಆ ಯಂತ್ರ ಯಾವ ಲೆಕ್ಕಮ್ಮ," ಅಂದುಬಿಟ್ಟರು. ಕಿಟಕಿ ತೆರೆದಿತ್ತು. ಹೊರಗೆ ಪಕ್ಕದ ಅಂಗಡಿಯ ಟೈಲರ್ ನಿಂತಿದ್ದ.

ಹತ್ತು ಗಂಟೆಗೆ ಮಾಲೀಕರು ತಮ್ಮ ಕೋಣೆಗೆ ಕರೆಸಿದರು.

"ಅಳಿಯಂದಿರಿಗೆ ಸವಾಲು ಹಾಕಿದ್ರಂತೆ ಮೇಷ್ಟ್ರೇ."

"ನಾನೆಲ್ಲಿ ಹಾಕಿದೆ?"

"ಟೈಲರ್ ಹೇಳಿದ್ರು. ಒಳ್ಳೇದೇ ಆಯ್ತು ಬಿಡಿ, ನಾನೂ ಯೋಚನೆ ಮಾಡ್ತಿದ್ದೆ. ಹಿಂದಿನ ಅಂಗಳದಲ್ಲಿ ಇವತ್ತೇ ನೋಡಿಬಿಡೋಣ. ನೀವು ಬೇಗ ನಿಲ್ಲಿಸಿದ್ರೆ ಹಳೇ ಕಾರು ಇರುತ್ತೆ. ಇಲ್ಲಾಂದ್ರೆ ಗುಜರಿಗೆ."

"ಮತ್ತೆ ನಾನು?"

ಮಾಲೀಕರು ಮೇಜಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಮಾಡಿದರು. "ಕಾರೇ ಇಲ್ಲ ಅಂದ್ಮೇಲೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಹಿಂದಿನ ಅಂಗಳ ಅಂದರೆ ಗೋದಾಮಿನ ಬೆನ್ನಿಗಿದ್ದ ಬಯಲು. ಉದ್ದಕ್ಕೂ ಸಡಿಲ ಜಲ್ಲಿ. ಮೇಷ್ಟ್ರು ಹೋಗುವಷ್ಟರಲ್ಲಿ ಬೀದಿಯ ಅರ್ಧ ಜನ ಅಲ್ಲಿದ್ದರು. ಟೈಲರ್ ಒಂದು ಕೆಂಪು ಬಟ್ಟೆಯ ಪಟ್ಟಿ ಹಾಸಿ, ಕೊರಳಿನ ಅಳತೆ ಟೇಪು ಕೈಗೆ ತೆಗೆದುಕೊಂಡು ಸಿದ್ಧನಾಗಿದ್ದ. ನಲವತ್ತು ಕಿ.ಮೀ. ವೇಗದಲ್ಲಿ ಬಂದು, ಪಟ್ಟಿ ದಾಟಿದ ಮೇಲೇ ಬ್ರೇಕ್ ಒತ್ತಬೇಕು. ಮೊದಲೇ ಒತ್ತದ ಹಾಗೆ ಒಳಗೆ ಕೂತು ನೋಡುವುದಕ್ಕೆ ಮಾಲೀಕರ ಸೋದರತ್ತೆಯನ್ನು ಕರೆತಂದಿದ್ದರು.

"ಅತ್ತೆಗೆ ಕಾರಿನ ಗಂಧಗಾಳಿ ಇಲ್ಲ," ಅಂದರು ಮಾಲೀಕರು. "ಅದಕ್ಕೇ ಅವರು ಯಾರ ಪಕ್ಷಾನೂ ಅಲ್ಲ."

ಮೊದಲು ಅಳಿಯ. ಪಟ್ಟಿ ದಾಟಿ ಕಾಲು ಅದುಮಿದ. ಹೊಸ ಕಾರು ಗಡಗಡ ಎನ್ನುತ್ತ ಹೋಗಿ, ಹೋಗಿ, ನಿಂತಿತು. ಟೈಲರ್ ಬಗ್ಗಿ ಬಗ್ಗಿ ಅಳೆದು, "ಎಂಟೂವರೆ ಟೇಪು," ಎಂದು ಸಾರಿದ. ಅತ್ತೆ ಮುಖ ಬಿಳಿಚಿಕೊಂಡು ಇಳಿದರು.

ಇನ್ನು ಮೇಷ್ಟ್ರು. ಓಡಿಸುವ ಸೀಟಿನಲ್ಲಿ ಅವರು ಕೂತು ಯಾವ ಕಾಲವಾಗಿತ್ತೋ. ಗಿಡ್ಡ ನರ್ಸಿಗೆಂದು ಮುಂದಕ್ಕೆ ಎಳೆದ ಸೀಟು ಹಿಂದಕ್ಕೆ ಹೋಗಲೊಲ್ಲದು. ಟೈಲರ್ ಬಂದು ಜಗ್ಗಿದ, ಅಳಿಯ ಬಂದು ಒದ್ದ, ಸೀಟಿನ ಹಿಡಿ ಕಿತ್ತು ಕೈಗೆ ಬಂತು. ಕೊನೆಗೆ ಮೊಣಕಾಲು ಎದೆಗೆ ಒತ್ತಿಕೊಂಡೇ ಕೂತರು. ಕೀಲಿ ತಿರುಗಿಸಿದರೆ ಕಾರು ಕೆಮ್ಮಿ ಸುಮ್ಮನಾಯಿತು. ನಾಲ್ಕು ಜನ ತಳ್ಳಿದರು. ತಳ್ಳಿದ ನಾಲ್ಕು ಜನವೂ ಬ್ರೇಕ್ ಒತ್ತುವುದು ಹೇಗೆಂದು ನಾಲ್ಕು ಬಗೆಯಲ್ಲಿ ಹೇಳಿಕೊಟ್ಟರು. ಮೇಷ್ಟ್ರು ಹಲ್ಲು ಕಚ್ಚಿ ಕೇಳಿಸಿಕೊಂಡರು.

"ನೀನಾದ್ರೂ ಮೆಲ್ಲಗೆ ಓಡಿಸಪ್ಪ," ಅಂದರು ಪಕ್ಕದಲ್ಲಿ ಅತ್ತೆ.

"ನಲವತ್ತರಲ್ಲೇ ಹೋಗ್ಬೇಕಮ್ಮ. ಕಣ್ಣು ಮುಚ್ಕೊಳ್ಳಿ."

ಕೆಂಪು ಪಟ್ಟಿ ದಾಟಿತು. ಮೇಷ್ಟ್ರು ಒತ್ತಿದರು. ಬಿಟ್ಟರು. ಪೆಡಲು ಮಾತ್ರ ಮೇಲಕ್ಕೆ ಬರಲಿಲ್ಲ. ಇನ್ನೊಮ್ಮೆ ಕಾಲೆತ್ತಿದರು, ಬರಲಿಲ್ಲ. ಮೂರನೇ ಸಲ ಎತ್ತುವ ಮೊದಲೇ ಕಾರು ಜಲ್ಲಿಯನ್ನು ಉತ್ತುಕೊಂಡು ಹೋಗಿ ಗಕ್ಕನೆ ನಿಂತಿತು.

"ಆರೂವರೆ," ಅಂದ ಟೈಲರ್.

ಜನ ಚಪ್ಪಾಳೆ ತಟ್ಟಿದರು. ನರ್ಸು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಮಾಲೀಕರು ಬಂದು ಕಿಟಕಿಯೊಳಗೆ ಕೈ ಚಾಚಿ ಮೇಷ್ಟ್ರ ಕೈ ಕುಲುಕಿದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಪೆಡಲಿನ ಸಂಗತಿ ಮೇಷ್ಟ್ರನ್ನು ಕೊರೆಯುತ್ತಿತ್ತು. ಆದರೂ ಗೆದ್ದ ಮೇಲೆ ಅದನ್ನು ಕೆದಕುವುದೇಕೆ ಎಂದು ಬಾಯಿ ಮುಚ್ಚಿಕೊಂಡರು. ಬೆಳಗ್ಗೆ ಮುಚ್ಚದ ಬಾಯಿ ಈಗ ಮುಚ್ಚಿತ್ತು.

ಟೈಲರ್ ಮಾತ್ರ ಇನ್ನೂ ನೆಲ ನೋಡುತ್ತ ಕೂತಿದ್ದ.

"ಮೇಷ್ಟ್ರೇ, ನಿಮ್ಮದು ಒತ್ತು, ಬಿಡು ಅಲ್ವಾ? ಹಂಗಾದ್ರೆ ಗೆರೆ ಬಿಟ್ಟು ಬಿಟ್ಟು ಬೀಳ್ಬೇಕು, ಕಚ್ಚಾ ಹೊಲಿಗೆ ಥರ. ಇದು ನೋಡಿ, ಒಂದೇ ಸಮನೆ ಮಿಷನ್ ಹೊಲಿಗೆ. ನೀವು ಬಿಟ್ಟಿದ್ದು ಎಲ್ಲಿ?"

ಎಲ್ಲರೂ ಬಗ್ಗಿ ನೋಡಿದರು. ಎರಡು ಗೆರೆ, ಎಲ್ಲೂ ತುಂಡಾಗದ ಗೆರೆ. ಆಗ ಅತ್ತೆ ಸಂಕೋಚದಿಂದ ಬಾಯಿಬಿಟ್ಟರು.

"ನನ್ನ ಕಾಲ ಹತ್ರ ಏನೋ ಒಂದಿತ್ತಪ್ಪ. ಭಯಕ್ಕೆ ಅದನ್ನ ಗಟ್ಟಿಯಾಗಿ ಒತ್ತಿ ಹಿಡ್ಕೊಂಡೆ. ಆ ಕಾರಲ್ಲೂ ಹುಡುಕಿದೆ, ಸಿಗಲಿಲ್ಲ."

ಅದು ಕಲಿಸುವವರ ಬ್ರೇಕು; ಮೇಷ್ಟ್ರ ಪೆಡಲು ಮೇಲಕ್ಕೆ ಬರದಿದ್ದದ್ದು ಅದಕ್ಕೇ. ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಇದು ಜಲ್ಲಿ ಸ್ವಾಮಿ," ಅಂದರು. "ಜಲ್ಲೀಲಿ ಚಕ್ರ ಜಾಮ್ ಆದ್ರೆ ಮುಂದೆ ಕಲ್ಲು ಗುಡ್ಡೆ ಬಿದ್ದು ಗಾಡಿ ಬೇಗ ನಿಲ್ಲುತ್ತೆ. ಒದ್ದೆ ಟಾರು ರಸ್ತೇಲಿ ಹೀಗೆ ಒತ್ತಿ ಹಿಡಿದ್ರೆ ಗೋಡೆಗೇ ಹೋಗಿ ನಿಲ್ಲೋದು. ಅಲ್ಲಿ ಎಬಿಎಸ್ಸೇ ವಾಸಿ." ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ಹೊಳೆಯಿತು. ಅಳಿಯ ನಗುತ್ತಿದ್ದ.

ಮಾಲೀಕರು ಮಾತ್ರ ಅತ್ತೆಯನ್ನೇ ನೋಡುತ್ತಿದ್ದರು. "ಅದೆಲ್ಲ ಬಿಡಿ. ಅತ್ತೆ ಯಂತ್ರಕ್ಕಿಂತ ಎರಡು ಟೇಪು ಮೊದಲು ನಿಲ್ಲಿಸಿದ್ದಾರೆ, ಅದೂ ಕಲೀದೇನೇ. ಮಾತು ಕೊಟ್ಟ ಹಾಗೆ ಹಳೇ ಕಾರು ಇರ್ಲಿ. ಅತ್ತೆ, ನಾಳೆಯಿಂದ ಆ ಸೀಟು ನಿಮ್ಮದು."

"ಮತ್ತೆ ನಾನು?" ಅಂದರು ಮೇಷ್ಟ್ರು, ಆ ದಿನ ಎರಡನೇ ಸಲ. ಇಳಿಯೋಣವೆಂದರೆ ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತ್ತು.

ಅತ್ತೆ ಅವರ ಭುಜ ತಟ್ಟಿದರು. "ನೀನು ಅಲ್ಲೇ ಕೂತಿರಪ್ಪ. ನನಗೂ ರೂಢಿಯಾಗೋವರೆಗೆ ಕಲಿಯೋರು ಒಬ್ರು ಬೇಕಲ್ಲ. ನೋಡು, ಮೊದಲನೇ ಪಾಠ. ಒತ್ತು."

ಮೇಷ್ಟ್ರು ಒತ್ತಿದರು. ಮುಂದಿನ ಮಾತಿಗೆ ಕಾದರು. ಅದು ಬರಲಿಲ್ಲ.