ನಾನು ರೆಪ್ಪೆ ಎತ್ತಿಸಿದ ಪ್ರಸಂಗ

ನಮ್ಮ ಮದುವೆಯ ಆಲ್ಬಮ್ಮಿನ ಒಂದು ಫೋಟೋದಲ್ಲೂ ನಾನು ಎಚ್ಚರವಾಗಿಲ್ಲ. ತಾಳಿ ಕಟ್ಟುವಾಗಲೂ ನಿದ್ದೆಯೇ! ತಪ್ಪು ನನ್ನದಲ್ಲ, ಅರ್ಧ ಎಳೆದ ಅಂಗಡಿ ಶಟರಿನಂತೆ ಹುಟ್ಟಿನಿಂದಲೇ ಜೋತುಬಿದ್ದ ನನ್ನ ರೆಪ್ಪೆಗಳದ್ದು.

"ಇಪ್ಪತ್ತೈದನೇ ವರ್ಷದ ಫೋಟೋದಾಗರ ಕಣ್ಣು ತೆರೀರಿ. ಮಲಗಿದವರ ಕೂಡ ಸಂಸಾರ ಮಾಡೀನಿ ಅಂತ ಎಲ್ಲಾರಿಗೂ ತೋರಿಸ್ಬೇಕೇನು?" ಎಂದಳು ನನ್ನ ಹೆಂಡತಿ ಭಾಗ್ಯಶ್ರೀ. (ಕಲಬುರಗಿ ಬಿಟ್ಟು ಗಂಗಾನಗರಕ್ಕೆ ಬಂದು ಇಪ್ಪತ್ತು ವರ್ಷವಾಯಿತು, ಅವಳ ನಾಲಿಗೆ ಮಾತ್ರ ಇನ್ನೂ ಅಲ್ಲೇ ಇದೆ.) ಆ ಮಾತು ನನಗೆ ನಾಟಿತು.

ಕಣ್ಣಿನ ಡಾಕ್ಟರ ಬಳಿ ಹೋಗಿ ಕೇಳಿದೆ. ಅವರು ನಕ್ಕರು. "ಹೆಚ್ಚಿಗೆ ಚರ್ಮ ತೆಗೆದು ಹೊಲಿಗೆ ಹಾಕ್ತೀವಿ ಸರ್, ಅವತ್ತೇ ಮನೆಗೆ ಹೋಗ್ಬಹುದು. ಆದ್ರೆ ಒಂದೆರಡು ವಾರ ಊದ್ಕೊಂಡಿರುತ್ತೆ, ನೀಲಿಗಟ್ಟುತ್ತೆ, ನೀರು ಸುರಿಯುತ್ತೆ. ಐಸ್ ಇಡಿ, ದಿಂಬು ಎತ್ತರಕ್ಕೆ ಹಾಕ್ಕೊಳ್ಳಿ, ಬಗ್ಗಬೇಡಿ."

ವಾರ್ಷಿಕೋತ್ಸವಕ್ಕೆ ನಾಲ್ಕು ವಾರವಿತ್ತು. ಆಫೀಸಿಗೆ ರಜೆ ಹಾಕಿ, ಗುಟ್ಟಾಗಿ ರೆಪ್ಪೆ ಎತ್ತಿಸಿಕೊಂಡು ಬಂದೆ. ಐವತ್ತೆರಡರ ಗಂಡಸು ಚೆಂದಕ್ಕಾಗಿ ಕತ್ತರಿ ಹಾಕಿಸಿಕೊಂಡ ಎಂದು ಬೀದಿಗೆ ತಿಳಿದರೆ ನನ್ನ ಮಾನ ಉಳಿಯುವುದುಂಟೆ?

ಡಾಕ್ಟರು ಎಲ್ಲ ಹೇಳಿದ್ದರು, ಪಕ್ಕದ ಮನೆಯವರ ವಿಷಯ ಒಂದನ್ನು ಬಿಟ್ಟು. ಮೂರನೆಯ ದಿನ ಹಾಲಿನ ಪ್ಯಾಕೆಟ್ ತರಲು ಹೋದಾಗ ಗೇಟಿನಲ್ಲಿ ಮೆಹಬೂಬ್ ಪಾಷಾ ಸಿಕ್ಕಿಬಿಟ್ಟರು.

"ಏನಾಯ್ತು ಭಾಯ್? ಕಣ್ಣೆಲ್ಲಾ ಊದ್ಕೊಂಡಿದೆ, ನೀರು ಬೇರೆ!"

ಬಾಯಿಗೆ ಬಂದ ಸುಳ್ಳು ಹೇಳಿದೆ. "ಅವ್ವನ ನೆನಪಾಯ್ತು ಕಣ್ರೀ."

"ಅಮ್ಮಾನಾ? ಹೋದ ವರ್ಷ ಬಂದಾಗ ಗಟ್ಟಿಮುಟ್ಟಾಗಿದ್ರಲ್ಲಾ!"

"ಹೂಂ, ಪಾಪ," ಎಂದೆ. ಪಾಷಾ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ಎಂಥ ಅಂತಃಕರಣ ಎಂದುಕೊಂಡು ಒಳಗೆ ಬಂದೆ.

ಗಂಟೆಯೊಳಗೆ ಅವರ ಹೆಂಡತಿ ನಜ್ಮುನ್ನೀಸಾ ದೊಡ್ಡ ಪಾತ್ರೆ ಹೊತ್ತು ತಂದರು. "ಸಾವಿನ ಮನೇಲಿ ಮೂರು ದಿನ ಒಲೆ ಹಚ್ಬೇಡಿ ಭಾಬಿ. ಬಗಾರಾ ಅನ್ನ, ಬೇಳೆಯ ದಾಲ್ಚಾ. ನಿಮಗೋಸ್ಕರ ಮಟನ್ ಹಾಕಿಲ್ಲ." ಬೆನ್ನಿಗೇ ಎದುರುಮನೆ ಪಟಾಲಮ್ಮ ಮುದ್ದೆ, ಸೊಪ್ಪಿನ ಸಾರು ತಂದು ಇಟ್ಟು ಮೂಗು ಒರೆಸಿಕೊಂಡರು.

ಅವರು ಹೋದದ್ದೇ ತಡ, ಭಾಗ್ಯಶ್ರೀ ಹಾರಿಬಿದ್ದಳು. "ಬದುಕಿದವರನ್ನ ಸಾಯಿಸೀರಿ! ಹೋಗಿ ಖರೇ ಹೇಳ್ರಿ!"

"ಹೇಳಿದ್ರೆ ರೆಪ್ಪೆ ವಿಷಯ ಹೊರಗೆ ಬರುತ್ತಲ್ಲೇ?"

ಅವಳು ದಾಲ್ಚಾದ ಮುಚ್ಚಳ ತೆಗೆದು ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಅವಳ ಒಲೆಗೆ ಸಿಕ್ಕ ಮೊದಲ ರಜೆ. "ಆತು ಬಿಡ್ರಿ, ಮೂರು ದಿನದ ಮಾತು," ಎಂದಳು.

ಸೂತಕದ ಮೂರನೆಯ ದಿನ ಬೆಳಿಗ್ಗೆ ನೆರೆಹೊರೆಯವರೆಲ್ಲ ನಮ್ಮ ನಡುಮನೆಯಲ್ಲಿ ತಲೆತಗ್ಗಿಸಿ ಕೂತಿದ್ದಾಗ ಹೊರಗೊಂದು ಆಟೋ ನಿಂತಿತು. ಜೋಳದ ರೊಟ್ಟಿಯ ಗಂಟು ಹಿಡಿದು ನಮ್ಮವ್ವ ಶರಣವ್ವ ಬಾಗಿಲಲ್ಲಿ ಪ್ರತ್ಯಕ್ಷವಾದಳು! ವಾರ್ಷಿಕೋತ್ಸವಕ್ಕೆಂದು ಮುಂಚೆಯೇ ಹೊರಟುಬಂದಿದ್ದಳು. ಪಟಾಲಮ್ಮ ಕಿಟಾರನೆ ಕಿರುಚಿದರು.

"ಯಾರು ಸತ್ತಾರ್ರೀ?" ಎಂದಳು ಅವ್ವ.

ಹಿರಿಯರಿಗೆ ಸುಳ್ಳು ಹೇಳಿ ಗೊತ್ತಿಲ್ಲದ ಭಾಗ್ಯಶ್ರೀ, "ನೀವ ರೀ, ಅತ್ತಿ," ಎಂದಳು.

ಅವ್ವ ನನ್ನ ಹತ್ತಿರ ಬಂದು ಗದ್ದ ಹಿಡಿದೆತ್ತಿದಳು. ನೀಲಿಗಟ್ಟಿದ ಕಣ್ಣು ನೋಡಿದಳು. "ಯಾರೋ ಹೇಳಿದ ಸುಳ್ಳು ಸುದ್ದಿ ನಂಬಿ, ನನ್ನ ಸಲುವಾಗಿ ಇಷ್ಟು ಅತ್ತೀಯೇನೋ ಮಗನ?"

ಸತ್ಯ ನಾಲಿಗೆಯ ತುದಿಯವರೆಗೆ ಬಂತು. ಸುತ್ತಲೂ ಬೀದಿಯೇ ಕೂತಿತ್ತು. "ಹೂಂ ಅವ್ವಾ," ಎಂದೆ. ನಾಚಿಕೆಯಿಂದ ಆಗ ನಿಜವಾಗಿಯೂ ಅಳು ಬಂತು. ಒಂದು ತಿಂಗಳಿಗೆಂದು ಬಂದಿದ್ದ ಅವ್ವ, ಇಂಥ ಮಗನನ್ನು ಬಿಟ್ಟು ಇನ್ನು ಊರಿಗೆ ಹೋಗುವುದಿಲ್ಲ ಎಂದು ಅಲ್ಲೇ ಘೋಷಿಸಿದಳು. ಭಾಗ್ಯಶ್ರೀ ನನ್ನತ್ತ ನೋಡಿದ ನೋಟವನ್ನು ಬರೆಯಲಾರೆ.

ಅಂತೂ ಊತ ಇಳಿಯಿತು, ವಾರ್ಷಿಕೋತ್ಸವ ಮುಗಿಯಿತು, ಫೋಟೋ ಗೋಡೆಗೇರಿತು. ಏನು ಕಣ್ಣುಗಳು ಅಂತೀರಿ! ಅಗಲ, ಹೊಳಪು, ಸಾಕ್ಷಾತ್ ಜಾಗೃತಾವಸ್ಥೆ! ಹೊಗಳಿಕೆಗಾಗಿ ಪಕ್ಕದಲ್ಲೇ ಎದೆಯುಬ್ಬಿಸಿ ನಿಂತೆ.

ಪಟಾಲಮ್ಮ ಲೊಚಗುಟ್ಟಿದರು. "ಅಯ್ಯೋ ಪಾಪ! ಅವತ್ತು ಸತ್ತ ತಾಯಿನ ಬಾಗಿಲಲ್ಲಿ ಕಂಡು ಬೆಚ್ಚಿಬಿಟ್ಟ ಕಣ್ಣು, ಇನ್ನೂ ಇಳಿದಿಲ್ಲ ನೋಡ್ರಿ."

ಪಾಷಾ ತಾಯಿತ ಕಟ್ಟಿಸೋಣವೆಂದರು. ನನ್ನ ಕಣ್ಣು ಮೊದಲಿನಂತಾಗಲಿ ಎಂದು ಅವ್ವ ಆ ಸಂಜೆಯೇ ದೇವರಿಗೆ ಹರಕೆ ಹೊತ್ತಳು.