ಮೂಲವ್ಯಾಧಿಗೆ ನಾನು ಅಂಕ ಹಾಕಿದ್ದು

ಅದು ೨೦೨೩ನೇ ಇಸವಿ. ನನಗಾಗ ಐವತ್ತೆಂಟು ವರ್ಷ. ಮೂವತ್ತು ವರ್ಷ ಕನ್ನಡ ವ್ಯಾಕರಣ ಬೋಧಿಸಿ, ಸ್ವಯಂನಿವೃತ್ತಿ ಪಡೆದು, ಹಳೇಬೀಡಿನ ಮನೆಯಲ್ಲಿ ನೆಮ್ಮದಿಯಾಗಿ ಕುಳಿತಿರಬೇಕಾದವನು ನಾನು. ಆದರೆ ಕುಳಿತುಕೊಳ್ಳುವುದೊಂದನ್ನು ಬಿಟ್ಟು ಉಳಿದೆಲ್ಲವೂ ನನ್ನಿಂದ ಸಾಧ್ಯವಾಗುತ್ತಿತ್ತು. ಮೂಲವ್ಯಾಧಿ!

ಅದೇ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಅರಸೀಕೆರೆಯಲ್ಲಿ ನನಗೆ ಗುರುವಂದನೆ ಗೊತ್ತುಮಾಡಿದರು. ವೇದಿಕೆಯ ಮೇಲೆ ಮೂರು ಗಂಟೆ ಕೂರಬೇಕು. ನನ್ನ ಬಾಧೆಯ ವಿಷಯ ಒಬ್ಬರಿಗೂ ತಿಳಿಯಕೂಡದು. ಎರಡು ತಿಂಗಳ ಅವಕಾಶವಿತ್ತು. ಕ್ರಮಬದ್ಧನಾದ ಮನುಷ್ಯನಿಗೆ ಅದು ಧಾರಾಳ.

"ಸುಮ್ನೆ ಡಾಕ್ಟ್ರ ಹತ್ರ ಹೋಗಿ ತೋರಿಸ್ರೀ," ಎಂದಳು ಪತ್ನಿ ವನಜಾಕ್ಷಿ.

"ಯಾವ ಶಸ್ತ್ರಚಿಕಿತ್ಸೆ ಉತ್ತಮವೆಂದು ತೀರ್ಮಾನಿಸದೆ ತೋರಿಸುವುದು ಹೇಗೆ?"

"ತೋರಿಸದೆ ತೀರ್ಮಾನಿಸೋದು ಹೇಗೆ?"

ಪ್ರಶ್ನೆಗೆ ಪ್ರಶ್ನೆ ಉತ್ತರವಾಗಲಾರದು. ಹೊರಟೆ.

ಬೇಲೂರಿನ ವೈದ್ಯರೊಬ್ಬರು ಔಷಧಿ ಲೇಪಿಸಿದ ಕ್ಷಾರಸೂತ್ರದ ದಾರ ಕಟ್ಟೋಣ ಎಂದರು. ಅರಸೀಕೆರೆಯಲ್ಲಿ ಒಬ್ಬರು ಕತ್ತರಿಸುವುದೇ ಖಾತ್ರಿ ಎಂದರು, ಇನ್ನೊಬ್ಬರು ಲೇಸರ್ ಎಂದರು, ಮತ್ತೊಬ್ಬರು ಸ್ಟೇಪ್ಲರ್ ಎಂದರು. ಸ್ಟೇಪ್ಲರ್! ಉತ್ತರಪತ್ರಿಕೆಗೆ ಹೊಡೆಯುವ ವಸ್ತು! "ಮಲಗಿ, ಪರೀಕ್ಷೆ ಮಾಡಿಯೇ ಹೇಳ್ಬೇಕು," ಎಂದು ನಾಲ್ವರೂ ಒತ್ತಾಯಿಸಿದರು. "ಮಾಹಿತಿ ಸಾಕು," ಎಂದು ನಾಲ್ಕು ಕಡೆಯಿಂದಲೂ ಹೊರಬಂದೆ. ಹಿಂತಿರುಗುವಾಗ ಕಂಡಕ್ಟರು ಕೂಗಿದ: "ಮೇಷ್ಟ್ರೇ, ಇಡೀ ಬಸ್ಸು ಖಾಲಿ ಐತೆ, ಕೂತ್ಕಳಿ!" ನಾನು ನಿಂತೇ ಬಂದೆ.

ಗೆರೆ ಹಾಳೆಯ ಮೇಲೆ ಅಂಕಪಟ್ಟಿ ಸಿದ್ಧವಾಯಿತು. ನೋವು, ರಕ್ತಸ್ರಾವ, ವಿಶ್ರಾಂತಿಯ ದಿನಗಳು, ಮರುಕಳಿಸುವ ಭಯ: ತಲಾ ಇಪ್ಪತ್ತೈದು ಅಂಕ. ಕತ್ತರಿಗೆ ಅರವತ್ತೊಂದು. ಲೇಸರ್‌ಗೂ ಅರವತ್ತೊಂದು! ಮರುಮೌಲ್ಯಮಾಪನ ಮಾಡಿದೆ. ಈಗ ದಾರವೂ ಅರವತ್ತೊಂದಕ್ಕೆ ಬಂದು ನಿಂತಿತು. ರಬ್ಬರ್ ಬ್ಯಾಂಡ್ ಬಿಗಿದು ಉದುರಿಸುವ ವಿಧಾನವೂ ಒಂದಿದೆಯಂತೆ. ಹುಡುಗರ ಕೈಯಿಂದ ಕಿತ್ತು ಡಬ್ಬಿಗಟ್ಟಲೆ ತುಂಬಿಸಿಟ್ಟಿದ್ದ ಕ್ಷುದ್ರ ವಸ್ತು ಅದು. ಸೊನ್ನೆ ಕೊಟ್ಟೆ. ದಿನಕ್ಕೊಂದು ಹೊಸ ಪಟ್ಟಿ ಬರೆಯುತ್ತ, ಹಜಾರದಲ್ಲಿ ಶತಪಥ ತಿರುಗುತ್ತ ಎರಡು ತಿಂಗಳು ಕಳೆದೇಹೋದವು.

ಸಭೆಯಲ್ಲಿ ಓದಲು ನನ್ನ ಪರಿಚಯವನ್ನು ಬರೆದುಕೊಡಬೇಕಿತ್ತು. ಕಾಗದ ವ್ಯರ್ಥ ಮಾಡುವವನಲ್ಲ ನಾನು. ಹಳೆಯ ಪಟ್ಟಿಯೊಂದರ ಖಾಲಿ ಮಗ್ಗುಲಲ್ಲಿ ಬರೆದೆ. ಮೂವತ್ತು ವರ್ಷದ ಅಭ್ಯಾಸಬಲದಿಂದ, ಕೊನೆಯಲ್ಲಿ "ಪುಟ ತಿರುಗಿಸಿ" ಎಂದೂ ಸೇರಿಸಿದೆ!

ಗುರುವಂದನೆಯ ದಿನದ ನಿರೂಪಕ ರೇವಣ್ಣ ಈಗ ಕೊಬ್ಬರಿ ವ್ಯಾಪಾರಿ. ಬರೆದದ್ದನ್ನು ಬರೆದಂತೆಯೇ ಓದಬೇಕೆಂದು ಅವನಿಗೆ ಕಲಿಸಿದವನು ನಾನೇ. ನನ್ನ ಸೇವಾವಧಿಯನ್ನು ಓದಿ ಮುಗಿಸಿದ. ಪುಟ ತಿರುಗಿಸಿದ.

"ಶಸ್ತ್ರಚಿಕಿತ್ಸೆಗಳ ತುಲನೆ. ಮೂಲವ್ಯಾಧಿ. ಕತ್ತರಿಸುವುದು, ಅರವತ್ತೊಂದು. ಲೇಸರ್, ಅರವತ್ತೊಂದು..."

ಅಲ್ಪವಿರಾಮಗಳಲ್ಲಿ ಎಷ್ಟು ಚೆನ್ನಾಗಿ ನಿಲ್ಲಿಸುತ್ತಿದ್ದ!

"ಲೇಸರ್‌ಗೆ ಅಷ್ಟೊಂದ್ ಕೊಡಬ್ಯಾಡಿ ಸಾ," ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ನಂಗೆ ವಾಪಸ್ ಬಂದೈತೆ!"

"ಸುಮ್ಕಿರ್ಲಾ, ದಾರದ್ದು ಎಷ್ಟಂತೆ ಕೇಳ್ಕತೀನಿ!" ಎಂದು ಪಕ್ಕದವನು ಗದರಿದ.

ಮುಂದಿನ ಸಾಲಿನಿಂದ ಎದ್ದು ಬಂದವನು ಮಂಜುನಾಥ. ಒಮ್ಮೆ ಕೊನೆಯ ಬೆಂಚಿನಿಂದ ರಬ್ಬರ್ ಬ್ಯಾಂಡಿನಲ್ಲಿ ಕಾಗದದ ಉಂಡೆ ಹೊಡೆದು ನನ್ನ ಕನ್ನಡಕ ಬೀಳಿಸಿದ್ದವನು. ವಾರವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಶಸ್ತ್ರವೈದ್ಯ!

"ನಾಳೆ ಬನ್ನಿ ಸಾರ್," ಎಂದು ಕಿವಿಯಲ್ಲಿ ಹೇಳಿದ. "ಪಟ್ಟಿ ಬೇಡ. ನೀವು ಬಂದ್ರೆ ಸಾಕು."

ಮರುದಿನ ಕೊನೆಗೂ ಪರೀಕ್ಷೆಗೆ ಒಳಗಾದೆ. "ಎರಡನೇ ಹಂತ ಅಷ್ಟೇ ಸಾರ್. ಆಪರೇಷನ್ ಬೇಡ, ರಬ್ಬರ್ ಬ್ಯಾಂಡ್ ಸಾಕು," ಎಂದ. ಆಮೇಲೆ ನನ್ನದೇ ದನಿಯಲ್ಲಿ ಗದರಿದ: "ಅಲುಗಾಡಬಾರದು!"

ಅಲುಗಾಡಲಿಲ್ಲ. ಐದೇ ನಿಮಿಷ. ಅವನ ಗುರಿ ಈಗಲೂ ತಪ್ಪುವುದಿಲ್ಲ.

ಎರಡು ವಾರದ ನಂತರ ನಾನು ಕುರ್ಚಿಗೆ ಬೆನ್ನು ಆನಿಸಿ ಕುಳಿತೆ. ರೇವಣ್ಣ ಓದಿ ಹಿಂತಿರುಗಿಸಿದ್ದ ಆ ಪಟ್ಟಿಯನ್ನು ತೆಗೆದು, ರಬ್ಬರ್ ಬ್ಯಾಂಡಿನ ಸೊನ್ನೆಯನ್ನು ಹೊಡೆದುಹಾಕಿ ನೂರು ಮಾಡಿದೆ.

"ಅಂಕ ತಿದ್ದಿದ್ರೆ ರುಜು ಬೇಕಲ್ಲ, ಮೇಷ್ಟ್ರೇ?" ಎಂದಳು ವನಜಾಕ್ಷಿ.

ತಪ್ಪು ನನ್ನದೇ. ರುಜು ಹಾಕಿ, ಕೆಳಗೆ ದಿನಾಂಕ ಬರೆದೆ: ೧೮-೧೨-೨೦೨೩.